ಹುಟ್ಟಿನ ಸದ್ದನ್ನು ಅಳಿಸಿದ ಮೇಲೆ

ವನ್ಯಜೀವಿಗಳ ಧ್ವನಿಮುದ್ರಣವನ್ನೂ ಒಂದು ಕೃತಿಯೆಂದೇ ಓದಬೇಕು ಎಂಬುದು ನನ್ನ ವಾದ. ಅದಕ್ಕೊಬ್ಬ ಕರ್ತೃ ಇರುತ್ತಾನೆ, ಅವನ ಕೈಯಲ್ಲಿ ಕತ್ತರಿಯೂ ಇರುತ್ತದೆ. ಸಂರಕ್ಷಿತ ನಡುಗಡ್ಡೆಗಳ ಮುದ್ರಣಗಳಲ್ಲಿ ಈ ಕತ್ತರಿ ಕಣ್ಣಿಗೆ ಬೀಳುವುದೇ ಇಲ್ಲ.

ರಂಗನತಿಟ್ಟನ್ನೇ ನೋಡಿ. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಆ ನಡುಗಡ್ಡೆಗಳು ಮೈದಳೆದದ್ದು 17ನೇ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಅಣೆಯಿಂದ. ಮನುಷ್ಯರ ಕೈ ಮೊದಲೇ ಬಿದ್ದ ಜಾಗವದು. ಆದರೂ 'ಶುದ್ಧ ನಿಸರ್ಗ' ಬೇಕೆಂದು ದೋಣಿಯ ಹುಟ್ಟಿನ ಸದ್ದು, ಅಂಬಿಗನ ಮಾತು, ಪ್ರವಾಸಕ್ಕೆ ಬಂದ ಮಕ್ಕಳ ಕೇಕೆ ಎಲ್ಲವನ್ನೂ ತೆಗೆದುಹಾಕುವುದು ವಾಡಿಕೆ. ಉಳಿದದ್ದರಲ್ಲೂ ಕಿವಿ ಹಾಡನ್ನೇ ಹುಡುಕುತ್ತದೆ. ಅಲ್ಲಿನ ಬಣ್ಣದ ಕೊಕ್ಕರೆಗಾದರೋ ಬೆಳೆದ ಮೇಲೆ ಹೆಚ್ಚುಕಡಿಮೆ ಕಂಠವೇ ಇಲ್ಲ. ಅದು ಕೊಕ್ಕು ಬಡಿದು ಮಾತಾಡುತ್ತದೆ. ಗೂಡಿನ ಗದ್ದಲವೆಲ್ಲ ಮರಿಗಳದ್ದು.

ನಮಗೆ ತಿಳಿದಿರುವ ಮೊದಲ ಹಕ್ಕಿದನಿಯ ಮುದ್ರಣವೂ ಕಾಡಿನದಲ್ಲ. 1889ರಲ್ಲಿ ಜರ್ಮನಿಯ ಎಂಟು ವರ್ಷದ ಹುಡುಗ ಲುಡ್ವಿಗ್ ಕೋಖ್ ಮೇಣದ ಸಿಲಿಂಡರಿನ ಮೇಲೆ ಹಿಡಿದಿಟ್ಟದ್ದು ಪಂಜರದ ಶಾಮ ಹಕ್ಕಿಯನ್ನು. (ನಮ್ಮ ಪಶ್ಚಿಮಘಟ್ಟದಲ್ಲೂ ಇರುವ ಹಕ್ಕಿ!)

ಒಂದು ಜಾಗದ ದನಿಗಳನ್ನು ಬಿಡಿಬಿಡಿಯಾಗಿ ಅಲ್ಲ, ಒಟ್ಟಾಗಿ ಕೇಳಬೇಕೆಂದು ಕಲಿಸಿದವರು ಅಮೆರಿಕದ ಬರ್ನಿ ಕ್ರಾಸ್. ಜೀವಿಗಳದ್ದು, ಗಾಳಿ-ನೀರಿನದ್ದು, ಮನುಷ್ಯರದ್ದು ಎಂಬ ಅವರ ವಿಂಗಡಣೆ ನನ್ನ ಕೆಲಸಕ್ಕೂ ಒದಗಿದೆ. ಆದರೆ ಮೂರನೆಯದನ್ನು ಅವರು ಬಹುಪಾಲು ಹಾವಳಿಯೆಂದೇ ಕೇಳುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಆ ಗೆರೆ ನಿಲ್ಲುವುದಿಲ್ಲ. ಹೊಸದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿವೆ. ಕೆಳಗೆ ಟಿಟ್ಟಿಭ ಕೂಗುತ್ತದೆ, ಕುರಿ ಕಾಯುವವನೂ ಕೂಗುತ್ತಾನೆ. ಯಂತ್ರದ ಸದ್ದನ್ನು ಅಳಿಸಿದರೆ ಕೇಳಲು ಹಿತವೇನೋ ಹೌದು. ಆದರೆ ಆ ಹಕ್ಕಿ ಯಾವುದರ ನಡುವೆ ಕೂಗಬೇಕಾಗಿದೆ ಎಂಬ ಸಾಕ್ಷ್ಯವೂ ಅಳಿಯುತ್ತದೆ. ಕುರಿ ಕಾಯುವವನನ್ನು ಅಳಿಸಿದರಂತೂ ಅವನು ಆ ಗುಡ್ಡಕ್ಕೆ ಹೊರಗಿನವನೆಂದು ತೀರ್ಪು ಕೊಟ್ಟಂತೆ.

ಟಿಟ್ಟಿಭ ಎಂಬ ಹೆಸರೇ ಒಂದು ಹಳೆಯ ಧ್ವನಿಮುದ್ರಣ. ನೆಲದ ಮೇಲೆ ಮೊಟ್ಟೆಯಿಡುವ ಈ ಹಕ್ಕಿ ಪಂಚತಂತ್ರದಲ್ಲಿ ಮೊಟ್ಟೆ ಒಯ್ದ ಕಡಲಿನೊಡನೆ ಜಗಳಕ್ಕೇ ನಿಂತಿತು. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದಾಗ ನಾವೆಲ್ಲ ಫೋನಿನಲ್ಲಿ ನೀರನ್ನು ಕಂಡು ಹಿಗ್ಗಿದೆವು. ಹಿನ್ನೀರು ಏರಿದ ದಡದ ಕಡೆ ಫೋನು ತಿರುಗಲಿಲ್ಲ.

ಜೋಗಿಮಟ್ಟಿಯಲ್ಲಿ ಮುದ್ರಿಸುವ ಗೆಳೆಯರಿಗೆ ನನ್ನದೊಂದು ಕೇಳಿಕೆ: ಮೊದಲ ಐದು ನಿಮಿಷವನ್ನು ಕತ್ತರಿಸದೆ ಇಡಿ, ದುರ್ಗದ ಬಸ್ಸಿನ ಹಾರನ್ ನಡುವೆ ನುಸುಳಿದರೂ ಸರಿ.