ರಾತ್ರಿಯುಡುಪು ಯಾರ ಕಣ್ಣಿಗಾಗಿ?

ಕಾಲೇಜು ತೆರೆಯುವ ದಿನಗಳಲ್ಲಿ ಮಂಗಳೂರಿನ ಹಂಪನಕಟ್ಟೆಯ ಬಟ್ಟೆ ಅಂಗಡಿಗಳಲ್ಲಿ ಒಂದು ದೃಶ್ಯ ಸಾಮಾನ್ಯ. ಮಗಳು ಮೊದಲ ಬಾರಿ ಹಾಸ್ಟೆಲಿಗೆ ಹೊರಟಿರುತ್ತಾಳೆ. ತಾಯಿಯ ಕೈಯಲ್ಲಿ ಪಟ್ಟಿ ಇರುತ್ತದೆ: ಬಕೆಟ್, ಬೆಡ್‌ಶೀಟ್, ನೈಟಿ ಎರಡು. ಪರಿಚಯದ ಇಂತಹ ಒಂದು ತಾಯಿ-ಮಗಳ ಜೊತೆ ಒಮ್ಮೆ ನಾವೂ ಹೋಗಿದ್ದೆವು. ಅಂಗಡಿಯವನು ಮೊದಲು ನೈಟ್‌ಸೂಟ್ ಬಿಡಿಸಿದ. ಮೊಣಕಾಲಿನ ಕೆಳಗೇ ನಿಲ್ಲುವ ಬಿಗಿ ಪ್ಯಾಂಟು, ಎದೆಯ ಮೇಲೆ ಕಾರ್ಟೂನ್ ಬೆಕ್ಕು. ಆಮೇಲೆ ಲೇಸು ಹಚ್ಚಿದ, ಮುಟ್ಟಿದರೆ ಜಾರುವ ಸ್ಯಾಟಿನ್. "ಮೈ ತುಂಬ ಇರುವಂಥದ್ದು ತೋರಿಸಿ" ಎಂದರು ತಾಯಿ. ಆಗ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಇಳಿಯುವ ಪಾಲಿಯೆಸ್ಟರ್ ನೈಟಿ ಹೊರಬಂತು. ಹುಡುಗಿ ಅದನ್ನು ಬೆರಳಲ್ಲಿ ಉಜ್ಜಿ ನೋಡಿ ಮೆಲ್ಲಗೆ ಕೇಳಿದಳು: "ಇದರಲ್ಲಿ ನಿದ್ದೆ ಬರ್ತದಾ ಉಮ್ಮಾ?"

ಆ ಪ್ರಶ್ನೆಗೆ ಅಂಗಡಿಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ನಮಗನಿಸುವಂತೆ, ನಮ್ಮ ಸಮಾಜವೂ ಈವರೆಗೆ ಕೊಟ್ಟಿಲ್ಲ. ತರುಣಿಯ ರಾತ್ರಿಯುಡುಪಿನ ಬಗ್ಗೆ ಮಾರುಕಟ್ಟೆ ಕೇಳುವುದು, ಅವಳು ಹೇಗೆ ಕಾಣುತ್ತಾಳೆ ಎಂದು. ಮನೆಯವರು ಕೇಳುವುದು, ನೋಡಿದವರು ಏನನ್ನುತ್ತಾರೆ ಎಂದು. ಎರಡೂ ನೋಡುವವರ ಪ್ರಶ್ನೆಗಳೇ. ಮಲಗುವವಳ ಪ್ರಶ್ನೆ ಒಂದೇ: ನಿದ್ದೆ ಬರುತ್ತದೆಯೇ?

ಮೊದಲು ಮಾರುಕಟ್ಟೆಯ ವಿಚಾರ. ನಿದ್ದೆ ಹತ್ತುವ ಹೊತ್ತಿಗೆ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು. ಅಂಗೈ, ಅಂಗಾಲು ಮತ್ತು ಚರ್ಮದ ಮೂಲಕ ಶಾಖ ಹೊರಹೋಗಿಯೇ ಅದು ಇಳಿಯುತ್ತದೆ. ಬೆವರನ್ನು ಹೀರಿ ಗಾಳಿಗೆ ದಾರಿ ಬಿಡುವ ಬಟ್ಟೆ ಈ ಕೆಲಸಕ್ಕೆ ನೆರವಾಗುತ್ತದೆ. ಪಾಲಿಯೆಸ್ಟರ್ ಬೆವರನ್ನು ಹೀರುವುದಿಲ್ಲ. ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ಅದು ಮೈಗೆ ಅಂಟಿಕೊಳ್ಳುತ್ತದೆ. ಅಂಗಡಿಯಲ್ಲಿ ಹೊಳೆಯುವ 'ಸ್ಯಾಟಿನ್' ಎಂಬುದು ನೇಯ್ಗೆಯ ಹೆಸರೇ ಹೊರತು ನೂಲಿನ ಹೆಸರಲ್ಲ. ಅಗ್ಗದ ಸ್ಯಾಟಿನ್ ಸಾಮಾನ್ಯವಾಗಿ ಪಾಲಿಯೆಸ್ಟರೇ. ಲೇಸು, ಎದೆಯ ಮೇಲಿನ ಗುಂಡಿ, ಸೊಂಟದ ಬಿಗಿ ಇಲಾಸ್ಟಿಕ್ - ಇವೆಲ್ಲ ಮಗ್ಗುಲು ಬದಲಿಸುವಾಗ ಒತ್ತುವ, ಚುಚ್ಚುವ ವಸ್ತುಗಳು. ಒಟ್ಟಿನಲ್ಲಿ ಈ ಉಡುಪುಗಳನ್ನು ಹೊಲಿದದ್ದು ಮಲಗಲಿಕ್ಕಲ್ಲ, ನಿಂತು ತೋರಿಸಲಿಕ್ಕೆ.

ತಮಾಷೆಯೆಂದರೆ, ಇಂದು ವಿದೇಶಿ ಫ್ಯಾಶನ್ ಎಂದು ನಾವು ಕೊಳ್ಳುವ ನೈಟ್‌ಸೂಟಿನ ಮೂಲ ನಮ್ಮಲ್ಲೇ ಇದೆ. ಪಾರಸಿಯಲ್ಲಿ 'ಪಾಯ್' ಎಂದರೆ ಕಾಲು, 'ಜಾಮಾ' ಎಂದರೆ ಉಡುಪು. ಆ ಪೈಜಾಮವನ್ನು ಇಲ್ಲಿಯ ಜನರಿಂದ ಕಂಡುಕೊಂಡ ಬ್ರಿಟಿಷರು ಅದನ್ನು ರಾತ್ರಿಯುಡುಪಾಗಿ ತಮ್ಮ ದೇಶಕ್ಕೆ ಒಯ್ದರು. ಸಡಿಲ, ತೆಳು, ಮೈ ಮುಚ್ಚುವ, ಸೆಕೆಯ ನಾಡಿಗೆ ಹೇಳಿಮಾಡಿಸಿದ ಆ ಉಡುಪು ಈಗ ಬಿಗಿಯಾಗಿ, ಗಿಡ್ಡವಾಗಿ ನಮಗೇ ಮಾರಾಟಕ್ಕೆ ಬಂದಿದೆ.

ಆದರೆ ಮಾರುಕಟ್ಟೆಯನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಕಡೆಯ ಲೆಕ್ಕವನ್ನೂ ನೋಡಬೇಕು.

ನಮ್ಮ ಅಜ್ಜಿಯಂದಿರಿಗೆ ರಾತ್ರಿಗೆಂದೇ ಬೇರೆ ಉಡುಪು ಇರಲಿಲ್ಲ. ಹಗಲು ಉಟ್ಟ ಸೀರೆಯಲ್ಲೇ, ಇಲ್ಲವೇ ತೊಳೆದು ತೊಳೆದು ಮೆತ್ತಗಾದ ಹಳೆಯ ಸೀರೆಯಲ್ಲೇ ಮಲಗುತ್ತಿದ್ದರು. ಅವರ ಮಕ್ಕಳ ಕಾಲಕ್ಕೆ ಬಂದ ನೈಟಿ, ಕೆಲವು ಕಡೆ ಮ್ಯಾಕ್ಸಿ, ಮಲಗುವ ಕೋಣೆಯಲ್ಲಿ ನಿಲ್ಲಲಿಲ್ಲ. ಅಡುಗೆಮನೆಗೆ, ಅಂಗಳಕ್ಕೆ, ಕೊನೆಗೆ ಹೆಗಲಿಗೊಂದು ಬೈರಾಸು ಅಥವಾ ದುಪಟ್ಟಾ ಹಾಕಿಕೊಂಡು ಬೀದಿ ತುದಿಯ ದಿನಸಿ ಅಂಗಡಿಗೂ ಹೋಯಿತು. ಇದನ್ನು ಕಂಡು ಮೂಗು ಮುರಿಯುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. 2014ರಲ್ಲಿ ನವಿ ಮುಂಬೈಯ ಗೋಠಿವಲಿಯಲ್ಲಿ ಮಹಿಳಾ ಮಂಡಳಿಯೇ ಹಗಲಿನ ನೈಟಿಗೆ 500 ರೂಪಾಯಿ ದಂಡ ಎಂದು ಫಲಕ ಹಾಕಿತು. 2018ರಲ್ಲಿ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯ ಹಿರಿಯರು ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ನೈಟಿ ಉಡಕೂಡದೆಂದು ವಿಧಿಸಿದರು. ತಪ್ಪಿದರೆ 2000 ರೂಪಾಯಿ ದಂಡ. ಸುಳಿವು ಕೊಟ್ಟವರಿಗೆ 1000 ರೂಪಾಯಿ ಬಹುಮಾನ!

ಹೆಣ್ಣು ರಾತ್ರಿಯುಡುಪಿನಲ್ಲೇ ಹಗಲು ಕಳೆಯುವುದೇಕೆ ಎಂದು ಮಾತ್ರ ಈ ದಂಡದ ಲೆಕ್ಕ ಕೇಳುವುದಿಲ್ಲ. ಎದ್ದೊಡನೆ ಒಲೆ, ಆಮೇಲೆ ಮಕ್ಕಳ ಬುತ್ತಿ, ಬಟ್ಟೆ, ಪಾತ್ರೆ. ಎಲ್ಲಿಯೂ ಬಿಗಿಯದ, ಸೆರಗು ಸರಿಪಡಿಸಬೇಕಿಲ್ಲದ ಒಂದೇ ಉಡುಪು ಅವಳಿಗೆ ಸಿಕ್ಕಿದೆ. ಅದನ್ನು ಬದಲಿಸಲು ಪುರುಸೊತ್ತು ಸಿಕ್ಕಿಲ್ಲ. ಹಗಲೂ ರಾತ್ರಿಯೂ ಒಂದೇ ಉಡುಪಾದರೆ ಅದು ಅವಳ ಉಡಾಫೆಯ ಗುರುತಲ್ಲ, ಅವಳ ಕೆಲಸಕ್ಕೆ ಹಗಲು ರಾತ್ರಿಯೆಂಬುದಿಲ್ಲ ಎಂಬುದರ ಗುರುತು.

ತರುಣಿಯರ ಕಷ್ಟ ಇನ್ನೂ ಸೂಕ್ಷ್ಮವಾದದ್ದು. ಎರಡು ಕೋಣೆಯ ಮನೆಯಲ್ಲಿ ಅವಳ ಹಾಸಿಗೆ ಹೆಚ್ಚಾಗಿ ಹಜಾರದಲ್ಲಿರುತ್ತದೆ. ಬಚ್ಚಲಿಗೆ ಹೋಗುವ ದಾರಿಯೂ ಅದೇ. ರಾತ್ರಿಪಾಳಿ ಮುಗಿಸಿ ಬರುವ ಅಣ್ಣ, ಉಳಿದುಕೊಂಡ ನೆಂಟರು, ಬೆಳಗಿನ ಹಾಲಿನವನು - ಎಲ್ಲರೂ ಆ ದಾರಿಯವರೇ. ಹಾಗಾಗಿ ಅವಳು ಹಗಲಿನ ಬಿಗಿಯಾದ ಒಳಉಡುಪುಗಳನ್ನೂ ಬಿಚ್ಚದೆ, ಸಲ್ವಾರಿನ ಲಾಡಿಯನ್ನೂ ಸಡಿಲಿಸದೆ, ದುಪಟ್ಟಾ ಹೊದ್ದು ಮಲಗುತ್ತಾಳೆ. ಮುಟ್ಟಿನ ದಿನಗಳಲ್ಲಿ ಕಲೆಯ ಭಯ ಬೇರೆ. ನಿದ್ದೆಯಲ್ಲೂ ಅವಳ ಒಂದು ಕೈ ದುಪಟ್ಟಾದ ಅಂಚನ್ನು ಹಿಡಿದಿರುತ್ತದೆ. ಇದನ್ನು ನಾವು ಲಜ್ಜೆ ಎಂದು ಮೆಚ್ಚುತ್ತೇವೆ. ಅದು ಲಜ್ಜೆಯಲ್ಲ, ಕಾವಲು. ಕಾವಲು ಕಾಯುವವರಿಗೆ ನಿದ್ದೆ ಎಲ್ಲಿಯದು?

ಇಲ್ಲಿ ಪವಿತ್ರ ಕುರ್‌ಆನಿನ 'ಅನ್ನೂರ್' ಅಧ್ಯಾಯದ ಒಂದು ಸೂಕ್ತವನ್ನು (24:58) ನೆನೆಯಬೇಕು. ಲಜ್ಜೆಯ ಬಗ್ಗೆ ಮಾತನಾಡುವಾಗ ಅದೇ ಅಧ್ಯಾಯದ ಬೇರೆ ಸೂಕ್ತಗಳನ್ನು ನಾವು ಮತ್ತೆ ಮತ್ತೆ ಉದ್ಧರಿಸುತ್ತೇವೆ, ಇದನ್ನು ಕಡಿಮೆ. ಮುಂಜಾನೆಯ ನಮಾಝಿಗೆ ಮೊದಲು, ಮಧ್ಯಾಹ್ನ ಜನರು ಬಟ್ಟೆ ಸಡಿಲಿಸುವ ಹೊತ್ತು ಮತ್ತು ಇಶಾ ನಮಾಝಿನ ಬಳಿಕ, ಈ ಮೂರು ವೇಳೆಗಳಲ್ಲಿ ಮನೆಯ ಸೇವಕರೂ ಪ್ರಾಯಕ್ಕೆ ಬಾರದ ಮಕ್ಕಳೂ ಅನುಮತಿ ಕೇಳಿಯೇ ಒಳಬರಬೇಕು ಎನ್ನುತ್ತದೆ ಅದು. ಮಕ್ಕಳು ಪ್ರಾಯಕ್ಕೆ ಬಂದ ಮೇಲೆ ಯಾವಾಗಲೂ ಅನುಮತಿ ಕೇಳಬೇಕೆಂದು ಮುಂದಿನ ಸೂಕ್ತ ಹೇಳುತ್ತದೆ. ಗಮನಿಸಿ: ಬಟ್ಟೆ ಸಡಿಲಿಸಿಕೊಳ್ಳುವುದನ್ನು ಇಲ್ಲಿ ತಪ್ಪೆಂದಿಲ್ಲ, ಮನುಷ್ಯನ ಸಹಜ ಅಗತ್ಯವೆಂದು ಒಪ್ಪಲಾಗಿದೆ. ಹೊಣೆ ಹೊರಿಸಿರುವುದು ಮಲಗಿದವರ ಮೇಲಲ್ಲ, ಒಳಬರುವವರ ಮೇಲೆ. ನಾವಾದರೋ ಬಾಗಿಲು ತಟ್ಟುವ ಶಿಸ್ತನ್ನು ಗಂಡುಮಕ್ಕಳಿಗೆ ಕಲಿಸದೆ, ಅದರ ಬದಲಿಗೆ ಹೆಣ್ಣುಮಕ್ಕಳ ಮೇಲೆ ಇನ್ನೊಂದು ಪದರ ಬಟ್ಟೆ ಹೊದಿಸಿದ್ದೇವೆ.

ಹಾಗಾದರೆ ಉಡುಪಿನ ಆಯ್ಕೆಯೇ ಮುಖ್ಯವಲ್ಲವೇ? ಖಂಡಿತ ಮುಖ್ಯ. ಹಾಸ್ಟೆಲಿನಲ್ಲಿ ನಡುರಾತ್ರಿ ಹೊರಗಿನ ನಡೆಗೆ ಬರಬೇಕಾದೀತು, ಯಾರೋ ಬಾಗಿಲು ತಟ್ಟಿಯಾರು. ಆಗ ಅಳುಕದೆ ಎದ್ದು ಹೋಗುವಂತಿರಬೇಕು. ಸಡಿಲವಾದ ಹತ್ತಿಯ ಕುರ್ತಾ-ಪೈಜಾಮ ಇದಕ್ಕೆ ಸಾಕು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಕೈ ಆಚೆಗೆ ಕಾಣಬಾರದು. ಕೊಂಡ ಹತ್ತಿ ಬಟ್ಟೆಯನ್ನು ನೆನೆಸಿ ಒಣಗಿಸಿಯೇ ಹೊಲಿಸಿ. ಇಲ್ಲವಾದರೆ ಮೊದಲ ತೊಳೆತಕ್ಕೇ ಗಿಡ್ಡವಾದೀತು. ಎರಡೂ ಕೈ ಮೇಲೆತ್ತಿದಾಗ, ಚಕ್ಕಳಮಕ್ಕಳ ಹಾಕಿ ಕುಳಿತಾಗ ಎಲ್ಲಿಯೂ ಎಳೆಯಬಾರದು. ಪೈಜಾಮ ಕಾಲಿಗೆ ತೊಡರದಂತೆ ಗಂಟಿನ ಮೇಲೆ ನಿಲ್ಲಲಿ. ಒಂದು ಜೊತೆಯಾದರೂ ಗಾಢ ಬಣ್ಣದ್ದಿರಲಿ. ಬಟ್ಟೆ ಒಣಗದ ಮಳೆಗಾಲಕ್ಕೆ ಎರಡರ ಬದಲು ಮೂರು ಜೊತೆ ಬೇಕು.

ಇನ್ನೊಂದು ಮಾತು ಜೀವದ್ದು. ರಾತ್ರಿಯುಡುಪಿನಲ್ಲೇ ಎದ್ದು ಒಲೆಯ ಮುಂದೆ ನಿಲ್ಲುವುದು ನಮ್ಮಲ್ಲಿ ರೂಢಿ. ಸಡಿಲ ತೋಳಿನ ಹತ್ತಿ ಬೇಗ ಹೊತ್ತಿಕೊಳ್ಳುತ್ತದೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೇ ಅಂಟುತ್ತದೆ. ಬ್ರಿಟನ್ನಿನಲ್ಲಿ 1985ರ ನಿಯಮದಂತೆ ವಯಸ್ಕರ ರಾತ್ರಿಯುಡುಪು ಬೆಂಕಿಯ ಪರೀಕ್ಷೆಯಲ್ಲಿ ಗೆದ್ದಿದೆಯೋ ಇಲ್ಲವೋ ಎಂಬುದನ್ನು ಅದರ ಪಟ್ಟಿಯಲ್ಲೇ ಬರೆಯಬೇಕು. ನೈಟಿಯ ಉದ್ದ ಅಳೆದು ದಂಡ ಹಾಕುವ ಹಿರಿಯರು ಅದರ ತೋಳಿಗೆ ತಗುಲಬಹುದಾದ ಬೆಂಕಿಯ ಬಗ್ಗೆಯೂ ಒಂದು ಸಭೆ ಕರೆಯಬಹುದಿತ್ತು.

ಆ ದಿನ ತಾಯಿ ಪಾಲಿಯೆಸ್ಟರ್ ನೈಟಿಯನ್ನು ಮಡಚಿ ಹಿಂದಕ್ಕೆ ಕೊಟ್ಟರು. ಪಕ್ಕದ ಅಂಗಡಿಯಲ್ಲಿ ಕಡುನೀಲಿ ಹತ್ತಿ ಬಟ್ಟೆ ಕೊಂಡು, ಊರಿನ ದರ್ಜಿಗೆ ಕೊಡುವುದೆಂದು ತೀರ್ಮಾನವಾಯಿತು. ಅಳತೆಯ ಮಾತು ಬಂದಾಗ ಮಗಳೆಂದಳು, "ಕಿಸೆ ಒಂದು ಇರಲಿ ಉಮ್ಮಾ, ಕೋಣೆಯ ಬೀಗದ ಕೈಗೆ." ನಮಗೆ ಆ ಮಾತು ಹಿಡಿಸಿತು. ಬಾಗಿಲು ತನ್ನದು, ಅದರ ಬೀಗದ ಕೈ ತನ್ನ ಬಳಿ ಎಂಬ ಭರವಸೆ ಇದ್ದವಳಿಗೆ ತಾನೇ ನೆಮ್ಮದಿಯ ನಿದ್ದೆ.

ಇರುಳನ್ನೇ ಉಡುಪೆಂದು ಕರೆದಿದೆ ಕುರ್‌ಆನ್ (78:10). ನಿದ್ದೆಯನ್ನು ವಿಶ್ರಾಂತಿ ಎಂದಿದೆ. ದೇವನು ಎಲ್ಲರಿಗೂ ಹೊದಿಸಿದ ಆ ಉಡುಪನ್ನು ನಮ್ಮ ಹೆಣ್ಣುಮಕ್ಕಳ ಮೈಮೇಲಿಂದ ಎಳೆಯದಿರೋಣ. ಇಂದು ರಾತ್ರಿ ಹಜಾರ ದಾಟುವ ಮೊದಲು ಒಮ್ಮೆ ಕೆಮ್ಮಿ, ಬಾಗಿಲು ತಟ್ಟಿ, ಕೇಳಿ ಹೋಗೋಣ. ಆಮೇಲೆ ಬಟ್ಟೆಯ ಮಾತು.