ಹಸ್ತಪ್ರತಿ ಸೂಚಿ: ಜಿಲ್ಲೆಯ ಗಡಿ ಮತ್ತು ಪರಂಪರೆಯ ಹರವು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಪರಿಸರದ ಹಸ್ತಪ್ರತಿಗಳಿಗೆ ಜಿಲ್ಲಾವಾರು ಸೂಚಿ ಸಾಲದು. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಒಳಪಟ್ಟಿತು. ಆಡಳಿತದ ಗಡಿ ಹೀಗೆ ಸರಿದಾಗ, ಇದ್ದಲ್ಲೇ ಇರುವ ಓಲೆಗರಿಯ ಕಟ್ಟು ಬೇರೆ ಬೇರೆ ಕಾಲದ ಸೂಚಿಗಳಲ್ಲಿ ಬೇರೆ ಬೇರೆ ಜಿಲ್ಲೆಯದಾಗಿ ತೋರುತ್ತದೆ. ಉಜ್ಜಿನಿ, ಕೊಟ್ಟೂರುಗಳ ಮಠಪರಂಪರೆಯ ಹರವಾದರೋ ಈ ಗಡಿಗಳನ್ನು ಅನುಸರಿಸಿ ಬೆಳೆದುದಲ್ಲ. ಆದ್ದರಿಂದ ಊರು, ಮಠ, ಲಿಪಿಕಾರರನ್ನು ಆಧಾರವಾಗಿಟ್ಟ ಸಂಯುಕ್ತ ಸೂಚಿಯೊಂದು ಐದೂ ತಾಲ್ಲೂಕುಗಳಿಗೆ ಅಗತ್ಯ. ಮೂಲಪ್ರತಿ ಒಡೆಯರಲ್ಲೇ ಉಳಿಯಲಿ. ಅದರ ಡಿಜಿಟಲ್ ಪ್ರತಿ 1991ರಲ್ಲಿ ಸ್ಥಾಪನೆಗೊಂಡ, ಸಮೀಪದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಿಗೆ ದೊರೆಯಲಿ. ಒಡೆತನವನ್ನು ಕಸಿಯದ ಸಹಕಾರಕ್ಕೆ ಮಾತ್ರ ಮಠ-ಮನೆಗಳ ಪೆಟ್ಟಿಗೆಗಳು ತೆರೆದುಕೊಂಡಾವು.