ಕೆರೆಮಣ್ಣಿನ ಜಾಡು ಹಿಡಿದು ಸೈಕಲ್ ಸವಾರಿ

ಜಪಾನಿನ ಶಿಗರಾಕಿ ಕುಂಬಾರರ ಊರು. ಅಲ್ಲಿಯ ಜೇಡಿಮಣ್ಣು ಬಿವಾ ಸರೋವರದ ಪುರಾತನ ತಳದ್ದು. ನೀರು ಸರಿದು ಹೋಯಿತು, ಹೂಳು ಉಳಿಯಿತು, ಆ ಹೂಳಿನ ಮೇಲೆ ಒಂದು ಕಸುಬು ಶತಮಾನಗಳಿಂದ ಬದುಕಿದೆ. ತೊಕೊನಾಮೆಯಲ್ಲಿ ಓಣಿಯ ಗೋಡೆಗಳಿಗೇ ಹಳೆಯ ಮಣ್ಣಿನ ಕೊಳವೆ, ಜಾಡಿಗಳನ್ನು ಸೇರಿಸಿ ಕಟ್ಟಿದ್ದಾರೆ. 1887ರಲ್ಲಿ ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ಆವಿಗೆ ಹತ್ತು ಚಿಮಣಿಗಳ ಸಮೇತ ಇಂದಿಗೂ ನಿಂತಿದೆ. ಇಂಥ ಊರುಗಳನ್ನು ನೋಡಲು ಸೈಕಲ್ಲೇ ಸರಿ. ಕಾರು ಮಣ್ಣು ಅಗೆಯುವ ಜಾಗವನ್ನು ಗಮನಿಸದೆ ದಾಟಿಬಿಡುತ್ತದೆ, ನಡೆದು ಹೋದರೆ ಹೊತ್ತು ಸಾಲದು.

ನಮ್ಮಲ್ಲಿ ಈ ಬಗೆಯ ಸವಾರಿಗೆ ನಾನು ಆರಿಸುವ ದಾರಿ ಅಂಬ್ಲಿಗೊಳದಿಂದ ಶಿಕಾರಿಪುರ, ಶಿರಾಳಕೊಪ್ಪದ ಮೇಲೆ ಬಳ್ಳಿಗಾವಿ, ತಾಳಗುಂದ. ನಸುಕಿನಲ್ಲೇ ಹೊರಟರೆ ಒಂದು ದಿನದ ಸವಾರಿ. ಅಂಬ್ಲಿಗೊಳ ಜಲಾಶಯದ ಹತ್ತಿರ ಶುರುಮಾಡಬೇಕು ಅನ್ನುವುದಕ್ಕೆ ಕಾರಣವಿದೆ: ಈ ಸೀಮೆಯ ಕಥೆಯೆಲ್ಲ ಕಟ್ಟಿ ನಿಲ್ಲಿಸಿದ ನೀರಿನದು. ಶಿಕಾರಿಪುರ, ಸೊರಬ ಎರಡೂ ಕೆರೆಗಳ ತಾಲ್ಲೂಕುಗಳು. ಕೆರೆ ಇದ್ದಲ್ಲಿ ಗದ್ದೆ, ಹೂಳು ಇದ್ದಲ್ಲಿ ಕುಂಬಾರ.

ಗುರುತಿನವರ ಮೂಲಕ ಕುಂಬಾರರ ಮನೆಯೊಂದಕ್ಕೆ ಮೊದಲೇ ಹೇಳಿಕಳಿಸಿ ಹೋಗಿ. ತಿಗರಿ ತಿರುಗುವುದನ್ನು ಎಲ್ಲರೂ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ. ನನಗೆ ಅದಕ್ಕಿಂತ ಹೆಚ್ಚಿನದು ಆಮೇಲಿನ ಬಡಿತ. ತಿಗರಿಯಿಂದ ಇಳಿದದ್ದು ದಪ್ಪ ಗೋಡೆಯ ಚಿಕ್ಕ ಪಾತ್ರೆ. ಅದು ತುಸು ಆರಿದ ಮೇಲೆ ಒಳಗೆ ಎಡಗೈಯಲ್ಲಿ ನುಣುಪಾದ ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ಹೋಗುತ್ತಾರೆ. ಒಂದೊಂದು ಪೆಟ್ಟಿಗೂ ಗೋಡೆ ತೆಳುವಾಗುತ್ತದೆ, ಹೊಟ್ಟೆ ಹಿಗ್ಗುತ್ತದೆ. ಒಳಗಿನ ಕೈ ಕಣ್ಣಿಗೆ ಕಾಣದು. ಹೊರಗಿನ ಪೆಟ್ಟು ಬಿದ್ದಲ್ಲೇ ಅದು ಕಲ್ಲೊಡ್ಡಿ ಕಾದಿರಬೇಕು. ಈ ಬಡಿತದ ತಾಳಕ್ಕೆ ಶಿವನೇ ಕುಣಿದನೆಂದು ಹರಿಹರ ಕುಂಬಾರ ಗುಂಡಯ್ಯನ ರಗಳೆಯಲ್ಲಿ ಹೇಳಿದ್ದು ಅತಿಶಯವೆಂದು ಅಲ್ಲಿ ಕೂತು ಕೇಳಿದವರಿಗೆ ಅನ್ನಿಸುವುದಿಲ್ಲ.

ಬಳ್ಳಿಗಾವಿ ಮದ್ದಳೆಯ ಅಲ್ಲಮನ ಊರು. ಕೇದಾರೇಶ್ವರ ಗುಡಿಗೆ ಬಂದವರು ಕೆತ್ತನೆ ನೋಡಿ ಹಿಂತಿರುಗುತ್ತಾರೆ, ಪಕ್ಕದ ಕೆರೆಯನ್ನು ಗಮನಿಸುವುದಿಲ್ಲ. ಇಲ್ಲಿದ್ದ ಕಾಳಾಮುಖರ ಪ್ರಸಿದ್ಧ ಮಠದ ಹೆಸರೇ ಕೋಡಿಯಮಠ. ತಾವರೆಕೆರೆಯ ಕೋಡಿಯ ಬಳಿ ಇದ್ದದ್ದು. ಅಲ್ಲಿ ಶಾಸ್ತ್ರ ಕಲಿಸುತ್ತಿದ್ದರು, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿದ್ದರು ಎಂದು 1162ರ ಶಾಸನ ಹೇಳುತ್ತದೆ. ಅಷ್ಟು ಜನರಿಗೆ ಅನ್ನ ಬೇಯಿಸಲು, ನೀರು ತುಂಬಿಡಲು ಎಷ್ಟು ಮಡಕೆ, ಎಷ್ಟು ಹರವಿ ಬೇಕಾಗಿರಬೇಕು! ಶಾಸನದಲ್ಲಿ ಆ ಲೆಕ್ಕವಿಲ್ಲ.

ತಾಳಗುಂದದ ಕಂಬವನ್ನು ಮಯೂರಶರ್ಮನ ಕಥೆಗಾಗಿ ನೋಡುವವರೇ ಹೆಚ್ಚು. ಕಂಚಿಗೆ ಓದಲು ಹೋದದ್ದು, ಪಲ್ಲವರ ಅಶ್ವಾರೋಹಿಯೊಡನೆ ಜಗಳವಾದದ್ದು, ಶಾಸ್ತ್ರ ಬಿಟ್ಟು ಶಸ್ತ್ರ ಹಿಡಿದದ್ದು, ಎಲ್ಲವೂ ಆ ಕಂಬದಲ್ಲಿದೆ. ಆದರೆ ಕವಿ ಕುಬ್ಜ ಅದನ್ನು ಬರೆದ ನಿಮಿತ್ತ ಬೇರೆ. ಕಾಕುಸ್ಥವರ್ಮ ಅಲ್ಲಿಯ ಶಿವಾಲಯದ ಬಳಿ ಕಟ್ಟಿಸಿದ ಕೆರೆಯ ನೆನಪಿಗೆ, ಶಾಂತಿವರ್ಮನ ಕಾಲದಲ್ಲಿ ನಿಂತ ಶಾಸನ ಅದು. ಕದಂಬರ ವಂಶದ ಇತಿಹಾಸ ನಮಗೆ ಸಿಕ್ಕಿರುವುದು ಒಂದು ಕೆರೆಯ ದೆಸೆಯಿಂದ. ಮಾರ್ಗದರ್ಶಿಯಾದವರು ಇಲ್ಲಿ ಮೊದಲು ಕೆರೆ ತೋರಿಸಿ, ಆಮೇಲೆ ಕಂಬದ ಹತ್ತಿರ ಕರೆದೊಯ್ಯಬೇಕು.

ಕಾಲಲ್ಲಿ ಕಸುವು ಉಳಿದವರು ಸೊರಬಕ್ಕೂ ಹೋಗಬಹುದು. ಗುಡಿಗಾರರ ಗಂಧದ ಕೆತ್ತನೆ ಇನ್ನೊಂದು ವಾರದ ಅಂಕಣಕ್ಕಿರಲಿ.

ಗೇರಿನ ದುಬಾರಿ ಸೈಕಲ್ ಬೇಕಿಲ್ಲ. ಅಗಲ ಟೈರಿರಲಿ, ಗಾಳಿ ತುಸು ಕಡಿಮೆಯಿರಲಿ. ಕೆರೆ ಏರಿಯ ಮೇಲೆ ಸಣ್ಣ ಟೈರು ಜಾರುತ್ತದೆ. ಒಕ್ಕಣೆಯ ದಿನಗಳಲ್ಲಿ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿರುತ್ತಾರೆ, ಅದರ ಮೇಲೆ ಸೈಕಲ್ ಹತ್ತಿಸಬೇಡಿ. ಪ್ರವಾಸಿಗರು ಮೆಚ್ಚುವುದು ಮಳೆಗಾಲ ಮುಗಿದ ಹಸಿರಿನ ತಿಂಗಳುಗಳನ್ನು. ಮಣ್ಣಿನ ಕೆಲಸ ನೋಡಬೇಕೆನ್ನುವವರು ಮಾರ್ಚ್, ಏಪ್ರಿಲ್‌ನಲ್ಲಿ ಬನ್ನಿ. ಕೆರೆ ಬತ್ತಿ ಜೇಡಿ ಕೈಗೆ ಸಿಗುವುದು, ಹಸಿ ಮಡಕೆ ಬಿಸಿಲಿಗೆ ಚೆನ್ನಾಗಿ ಆರುವುದು ಆಗಲೇ. ಬಂದವರು ಕುಂಬಾರರ ಮನೆಯಿಂದ ಒಂದು ಮಡಕೆಯನ್ನಾದರೂ ಕೊಂಡು ಹೋಗಿ, ಹೇಳಿದ ಬೆಲೆ ಕೊಡಿ. ಚೌಕಾಸಿ ಮಾಡಬೇಡಿ.